ಕಪ್ಪು-ಬಿಳುಪು ಚಿತ್ರಕ್ಕೆ ಎಚ್‌ಡಿ ಬೇಕೇ? ವಿಸಿಡಿಯಿಂದ 4ಕೆವರೆಗೆ ಯಾವುದಕ್ಕೆ ದುಡ್ಡು ಹಾಕಬೇಕು

"ಹಳೇ ಕಪ್ಪು-ಬಿಳುಪು ಪಿಕ್ಚರಿಗೆ ಎಚ್‌ಡಿ ಯಾಕೆ?" ಹಾಸನದ ಬಿ.ಎಂ. ರಸ್ತೆಯಲ್ಲಿ ಟಿವಿ ಕೊಳ್ಳಲು ಹೋದವರು ಅಂಗಡಿಯವರಿಂದಲೇ ಈ ಮಾತು ಕೇಳಿಸಿಕೊಳ್ಳಬಹುದು. ಬೇಕು, ಬಣ್ಣದ ಚಿತ್ರಕ್ಕಿಂತ ಒಂದು ಕೈ ಹೆಚ್ಚೇ ಬೇಕು. ಆದರೆ ಡಬ್ಬಿಯ ಮೇಲೆ ಅಚ್ಚಾದ ಎರಡಕ್ಷರ ನಂಬಿ ದುಡ್ಡು ಕೊಡುವ ಮುಂಚೆ ಎರಡು ಸಂಗತಿ ವಿಚಾರಿಸಬೇಕು: ಅದನ್ನು ಯಾವ ರೀಲಿನಿಂದ ಎತ್ತಿದ್ದಾರೆ, ಎತ್ತಿದ ಮೇಲೆ ದೂಳು-ಗೀರು ಅಳಿಸಲು ಎಷ್ಟು ತಿಕ್ಕಿದ್ದಾರೆ. ಇವೆರಡೂ ಕೆಟ್ಟಿದ್ದರೆ ಅಂಥ ಎಚ್‌ಡಿಗಿಂತ ಒಳ್ಳೆಯ ಡಿವಿಡಿಯೇ ವಾಸಿ.

ರೀಲಿನೊಳಗೆ ಇರುವುದು ಎಷ್ಟು

ಆ ಕಾಲದ ಚಿತ್ರಗಳು ಬಹುಪಾಲು 35 ಮಿ.ಮೀ. ಫಿಲ್ಮಿನಲ್ಲಿ ತೆಗೆದವು. ಒಂದೊಂದು ಚೌಕಟ್ಟು ಸುಮಾರು 22 ಮಿ.ಮೀ. ಅಗಲ, 16 ಮಿ.ಮೀ. ಎತ್ತರ. ಕ್ಯಾಮೆರಾದೊಳಗೆ ಓಡಿದ ಮೂಲ ನೆಗೆಟಿವ್ ಚೆನ್ನಾಗಿ ಉಳಿದಿದ್ದರೆ ಅದರಲ್ಲಿರುವ ವಿವರ ಡಿವಿಡಿಯ 576 ಗೆರೆಗಳಲ್ಲಿ ಖಂಡಿತ ಹಿಡಿಸುವುದಿಲ್ಲ. ಬ್ಲೂ-ರೇಯ 1080 ಗೆರೆಗಳಲ್ಲಿ (ಎಚ್‌ಡಿ ಎಂದರೆ ಇಲ್ಲಿ ಇದೇ) ಬಹುಪಾಲು ಹಿಡಿಸುತ್ತದೆ. 4ಕೆಗೆ ಹೋದರೆ ವಿವರದ ಜೊತೆಗೆ ಬೆಳ್ಳಿಯ ಕಣಗಳ ಸಹಜ ನುಣುಪೂ ಸಿಗುತ್ತದೆ.

ಆದರೆ ನೆಗೆಟಿವ್ ನೇರವಾಗಿ ಟಾಕೀಸಿಗೆ ಹೋಗುತ್ತಿರಲಿಲ್ಲ. ಅದರಿಂದ ಒಂದು ಮಾಸ್ಟರ್ ಪಾಸಿಟಿವ್, ಅದರಿಂದ ಡ್ಯೂಪ್ ನೆಗೆಟಿವ್, ಅದರಿಂದ ಪ್ರಿಂಟ್. ಒಂದೊಂದು ತಲೆಮಾರು ದಾಟಿದ ಹಾಗೆ ಸೂಕ್ಷ್ಮ ವಿವರ ಕರಗುತ್ತದೆ, ಕಣಗಳು ಒಂದರ ಮೇಲೊಂದು ಕೂತು ಒರಟಾಗುತ್ತವೆ. ಟೂರಿಂಗ್ ಟಾಕೀಸುಗಳಲ್ಲಿ ಓಡಿ ಓಡಿ ಮಳೆ ಸುರಿದಂತೆ ಗೀರು ಬಿದ್ದ ಪ್ರಿಂಟನ್ನು 4ಕೆಯಲ್ಲಿ ಸ್ಕ್ಯಾನ್ ಮಾಡಿದರೆ ಗೀರು 4ಕೆಯಲ್ಲಿ ಕಾಣುತ್ತದೆ, ಅಷ್ಟೆ. ಇನ್ನೊಂದು ತೊಡಕೂ ಇದೆ. ಪ್ರಿಂಟನ್ನು ಪರದೆಯ ಮೇಲೆ ಬೆಳಕು ಹಾಯಿಸಿ ನೋಡಲೆಂದು ಕಾಂಟ್ರಾಸ್ಟ್ ಏರಿಸಿ ತೆಗೆದಿರುತ್ತಾರೆ. ಹಾಗಾಗಿ ನೆರಳಿನ ಜಾಗಗಳು ಮುಚ್ಚಿಹೋಗಿರುತ್ತವೆ. ಕಂಬದ ಹಿಂದೆ ನಿಂತವರ ಮುಖ ನೆಗೆಟಿವ್‌ನಲ್ಲಿ ಇದ್ದೀತು, ಪ್ರಿಂಟ್‌ನಲ್ಲಿ ಬರೀ ಕತ್ತಲು.

ನೆಗೆಟಿವ್ ಉಳಿದಿದೆಯೇ ಎಂಬುದೇ ನಮ್ಮ ಕಡೆ ದೊಡ್ಡ ಪ್ರಶ್ನೆ. 1934ರ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ'ದ ಪ್ರಿಂಟೇ ಇಲ್ಲ, ಎಚ್‌ಡಿಯ ಮಾತು ಎಲ್ಲಿಂದ ಬಂತು. 'ಪಥೇರ್ ಪಾಂಚಾಲಿ'ಯ ನೆಗೆಟಿವ್ 1993ರಲ್ಲಿ ಲಂಡನ್ನಿನ ಲ್ಯಾಬೊಂದರ ಬೆಂಕಿಗೆ ಸಿಕ್ಕಿತು. ಸುಟ್ಟು ಮುರುಟಿದ ಸುರುಳಿಗಳನ್ನು ಇಟಲಿಯ ಬೊಲೊನ್ಯಾದಲ್ಲಿ ನೆನೆಸಿ ಬಿಡಿಸಿ, ಸುಮಾರು ಶೇಕಡಾ 40 ಭಾಗವನ್ನು ಮೂಲದಿಂದಲೇ ಎತ್ತಿದರು. ಉಳಿದದ್ದನ್ನು ಬೇರೆಡೆ ಇದ್ದ ಪ್ರತಿಗಳಿಂದ ತುಂಬಿ 2015ರಲ್ಲಿ 4ಕೆ ರೂಪ ಹೊರತಂದರು. ಹಾಗಾಗಿ ಆ ಚಿತ್ರ ನೋಡುವಾಗ ಒಂದು ದೃಶ್ಯ ತೊಳೆದಿಟ್ಟಂತಿದ್ದು ಮುಂದಿನದು ಕೊಂಚ ಒರಟಾಗಿ ಕಂಡರೆ ನಿಮ್ಮ ಟಿವಿಯನ್ನು ಬೈಯಬೇಡಿ. ಕನ್ನಡದ ಮಟ್ಟಿಗೆ ಗಿರೀಶ್ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ' ಒಳ್ಳೆಯ ಉದಾಹರಣೆ. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ 4ಕೆಯಲ್ಲಿ ಪುನರುಜ್ಜೀವನಗೊಳಿಸಿದ ರೂಪ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು.

ಬಣ್ಣವಿಲ್ಲದ್ದಕ್ಕೇ ಲಾಭ ಹೆಚ್ಚು

ಡಿವಿಡಿ, ಬ್ಲೂ-ರೇ, ಯೂಟ್ಯೂಬ್ ಎಲ್ಲವೂ ಚಿತ್ರವನ್ನು ಬೆಳಕಿನ ಪದರ ಮತ್ತು ಬಣ್ಣದ ಪದರ ಎಂದು ಒಡೆದು ಇಡುತ್ತವೆ. ಎಚ್‌ಡಿಯಲ್ಲಿ ಬೆಳಕಿನ ಪದರಕ್ಕೆ ಪೂರಾ 1920 x 1080 ಚುಕ್ಕಿಗಳು. ಬಣ್ಣದ ಪದರಕ್ಕೆ ಅದರ ಕಾಲು ಭಾಗ ಮಾತ್ರ. ಕಪ್ಪು-ಬಿಳುಪು ಚಿತ್ರದಲ್ಲಿ ಇರುವುದೆಲ್ಲ ಬೆಳಕಿನ ಪದರದಲ್ಲೇ. ಅದಕ್ಕೇ ಒಳ್ಳೆಯ ಎಚ್‌ಡಿ ಸಿಕ್ಕಿದಾಗ ಅದು ಬಣ್ಣದ ಚಿತ್ರಕ್ಕಿಂತ ಎದ್ದು ಕಾಣುತ್ತದೆ. ಕೆಟ್ಟದ್ದು ಸಿಕ್ಕಿದಾಗ ಮುಚ್ಚಿಡಲು ಬಣ್ಣದ ಆಸರೆಯೂ ಇಲ್ಲ.

ಒಂದು ಮುಖವನ್ನೇ ಹತ್ತಿರದಿಂದ ನೋಡಿ. ದೀಪದ ಬೆಳಕಿನಲ್ಲಿ ಕೂತ ಹಿರಿಯರೊಬ್ಬರು, ಹಣೆ ತುಂಬ ವಿಭೂತಿ. ವಿಸಿಡಿಯಲ್ಲಿ ಅದು ಹಣೆಯ ಮೇಲಿನ ಬಿಳಿ ಪಟ್ಟೆ. ಡಿವಿಡಿಯಲ್ಲಿ ಮೂರು ಗೆರೆ ಬಿಡಿಯಾಗಿ ಕಾಣುತ್ತವೆ. ನೆಗೆಟಿವ್‌ನಿಂದ ಬಂದ ಎಚ್‌ಡಿಯಲ್ಲಿ ಒಣಗಿದ ವಿಭೂತಿ ಹುಬ್ಬು ಏರಿಸಿದಾಗ ಬಿರಿಯುವುದು ಕಾಣುತ್ತದೆ, ಬೆರಳು ಎಳೆದ ಜಾಡು ಕಾಣುತ್ತದೆ, ಹೆಗಲ ಮೇಲಿನ ಬಿಳಿ ಪಂಚೆಯ ನೇಯ್ಗೆಗೂ ಗೋಡೆಯ ಸುಣ್ಣಕ್ಕೂ ಇರುವ ಬಿಳುಪಿನ ವ್ಯತ್ಯಾಸ ಕಾಣುತ್ತದೆ. ಬಿಳಿಯಲ್ಲೇ ನಾಲ್ಕು ಬಗೆ, ಕಪ್ಪಿನಲ್ಲೇ ನಾಲ್ಕು ಬಗೆ: ಈ ಚಿತ್ರಗಳ ಛಾಯಾಗ್ರಾಹಕರು ಕಷ್ಟಪಟ್ಟದ್ದೆಲ್ಲ ಅದಕ್ಕೇ. ಬೇಲೂರಿನ ಮದನಿಕೆಯರನ್ನು ನಡುಮಧ್ಯಾಹ್ನದ ಬಿಸಿಲಲ್ಲಿ ನೋಡುವುದಕ್ಕೂ ಸಂಜೆಯ ಓರೆ ಬಿಸಿಲಲ್ಲಿ ನೋಡುವುದಕ್ಕೂ ಇರುವಷ್ಟೇ ಅಂತರ ಇಲ್ಲೂ.

'ಅಮರಶಿಲ್ಪಿ ಜಕಣಾಚಾರಿ' 1964ರಲ್ಲೇ ಕನ್ನಡಕ್ಕೆ ಪೂರ್ಣ ಬಣ್ಣ ತಂದರೂ 70ರ ದಶಕದ ಕೊನೆಯವರೆಗೆ ಕಪ್ಪು-ಬಿಳುಪು ನಿಲ್ಲಲಿಲ್ಲ. ಶೃಂಗೇರಿ ಹತ್ತಿರದ ವೈಕುಂಠಪುರದಲ್ಲಿ ತೆಗೆದ 'ಸಂಸ್ಕಾರ' (1970, ಛಾಯಾಗ್ರಹಣ ಟಾಮ್ ಕೋವನ್) ಅಂಥದ್ದು. ಮಲೆನಾಡಿನ ಮನೆಯೊಳಗಿನ ಕತ್ತಲೆ-ಬೆಳಕನ್ನೇ ನೆಚ್ಚಿದ ಚಿತ್ರಗಳಿಗೆ ನೆರಳಿನ ವಿವರವೇ ಜೀವ. ಇಂಥವನ್ನು ಸಿಕ್ಕ ಪ್ರತಿಯಲ್ಲಿ ನೋಡಿ ಮುಗಿಸುವುದು ನಷ್ಟ.

ಎಷ್ಟು ದೂರ ಕೂರುತ್ತೀರಿ, ಅಳೆಯಿರಿ

ಯಾವುದಕ್ಕೂ ಮುಂಚೆ ಒಂದು ಟೇಪು ಹಿಡಿದು ಸೋಫಾದಿಂದ ಟಿವಿಗೆ ಎಷ್ಟಡಿ ಎಂದು ಅಳೆಯಿರಿ. ಕಣ್ಣು ಸರಿಯಿದ್ದವರಿಗೆ 43 ಇಂಚಿನ ಪರದೆಯಲ್ಲಿ ಡಿವಿಡಿಯ ಗೆರೆಗಳು ಸುಮಾರು ಹತ್ತೂವರೆ ಅಡಿಯೊಳಗೆ ಬಂದರೆ ಬಿಡಿಯಾಗಿ ಗೊತ್ತಾಗತೊಡಗುತ್ತವೆ. ಬ್ಲೂ-ರೇಯ ಪೂರಾ ವಿವರ ದಕ್ಕಲು ಐದೂವರೆ ಅಡಿಗೆ ಬರಬೇಕು. 4ಕೆಯ ಪೂರಾ ವಿವರಕ್ಕೆ ಮೂರಡಿಗಿಂತ ಹತ್ತಿರ. 55 ಇಂಚಿಗೆ ಇದೇ ಲೆಕ್ಕ ಹದಿಮೂರು, ಏಳು, ಮೂರೂವರೆ ಅಡಿ. 32 ಇಂಚಿಗೆ ಎಂಟು ಮತ್ತು ನಾಲ್ಕು ಅಡಿ, ಅದಕ್ಕೆ 4ಕೆ ಎಂಬ ಮಾತೇ ಬೇಡ.

ಅಂದರೆ ತೊಟ್ಟಿಮನೆಯ ಉದ್ದನೆಯ ಹಜಾರದಲ್ಲಿ ಆ ಗೋಡೆಗೆ 43 ಇಂಚಿನ ಟಿವಿ, ಈ ಗೋಡೆಗೆ ಒರಗುಕುರ್ಚಿ, ನಡುವೆ ಹನ್ನೆರಡು ಅಡಿ ಇದ್ದರೆ ಒಳ್ಳೆಯ ಡಿವಿಡಿಗೂ ಬ್ಲೂ-ರೇಗೂ ಚೂಪಿನಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಬೂದಿನ ಹಂತಗಳು, ಕಂಪ್ರೆಷನ್ನಿನ (ಫೈಲನ್ನು ಹಿಸುಕಿ ಚಿಕ್ಕದು ಮಾಡುವುದರ) ಕೊಳೆ ಇವು ಮಾತ್ರ ಆ ದೂರದಿಂದಲೂ ಗೊತ್ತಾಗುತ್ತವೆ. ಡಿಸ್ಕಿಗೆ ಸಾವಿರಾರು ಕೊಡುವುದಕ್ಕಿಂತ ಕುರ್ಚಿಯನ್ನು ಐದಡಿ ಮುಂದಕ್ಕೆ ಎಳೆಯುವುದು ಅಗ್ಗ.

ಇನ್ನೊಂದು ಸಂಗತಿ ಎಷ್ಟೋ ಜನ ಗಮನಿಸುವುದಿಲ್ಲ. ಹಳೆಯ ಚಿತ್ರದ ಆಕಾರ 1.37:1, ನಿಮ್ಮ ಟಿವಿಯದು 1.78:1. ಎರಡೂ ಪಕ್ಕದಲ್ಲಿ ಕಪ್ಪು ಪಟ್ಟಿ ಬರಲೇಬೇಕು. 43 ಇಂಚಿನ ಟಿವಿ ಹಳೆಯ ಚಿತ್ರದ ಪಾಲಿಗೆ 36 ಇಂಚಿನ ಟಿವಿ. ಹಾಗಾಗಿ ಹಳೆಯ ಚಿತ್ರಗಳನ್ನೇ ಹೆಚ್ಚು ನೋಡುವವರು ಟಿವಿ ಕೊಳ್ಳುವಾಗ ಒಂದು ಅಳತೆ ದೊಡ್ಡದಕ್ಕೆ ಹೋಗುವುದು ಸರಿ. ಪಟ್ಟಿ ಕಂಡು ಬೇಸರವಾಗಿ ಅಗಲಕ್ಕೆ ಎಳೆದರೆ ಮುಖಗಳು ಶೇಕಡಾ 30 ದಪ್ಪವಾಗುತ್ತವೆ. ಜೂಮ್ ಮಾಡಿದರೆ ಮೇಲೂ ಕೆಳಗೂ ಸೇರಿ ಎತ್ತರದಲ್ಲಿ ಶೇಕಡಾ 23 ಹೋಗುತ್ತದೆ: ನಾಯಕಿಯ ತಲೆಯ ಹೂವು, ನರ್ತಕಿಯ ಪಾದ.

ಒಂದೊಂದಾಗಿ

ವಿಸಿಡಿ. 352 x 288 ಚುಕ್ಕಿ, ಸೆಕೆಂಡಿಗೆ ಒಂದು ಮೆಗಾಬಿಟ್‌ಗಿಂತ ಕೊಂಚ ಹೆಚ್ಚು. ಒಂದು ಸಿನಿಮಾಕ್ಕೆ ಎರಡೋ ಮೂರೋ ಡಿಸ್ಕು. ಗುಣಮಟ್ಟದಲ್ಲಿ ಕೊನೆಯ ಸಾಲು. ಆದರೂ ಬಿಸಾಡಬೇಡಿ, ಎಷ್ಟೋ ಕನ್ನಡ ಚಿತ್ರಗಳಿಗೆ ಮನೆಯಲ್ಲಿರುವ ಪ್ರತಿ ಅದೊಂದೇ. ಅದರಲ್ಲಿ ಹಾಡು ಕತ್ತರಿಸದೆ ಇರಬಹುದು, ಆನ್‌ಲೈನ್ ಪ್ರತಿಯಲ್ಲಿ ಇಲ್ಲದ ದೃಶ್ಯವೂ ಇರಬಹುದು.

ಡಿವಿಡಿ. ನಮ್ಮಲ್ಲಿ ಪಾಲ್ ಪದ್ಧತಿ: 720 x 576, ಸೆಕೆಂಡಿಗೆ 25 ಚೌಕಟ್ಟು. ಸಿನಿಮಾ ತೆಗೆದದ್ದು 24ರಲ್ಲಿ. ಹಾಗೇ ಓಡಿಸಿದರೆ ನೂರು ನಿಮಿಷದ ಚಿತ್ರ 96ಕ್ಕೆ ಮುಗಿಯುತ್ತದೆ, ಸರಿಪಡಿಸದಿದ್ದರೆ ಹಾಡಿನ ಶ್ರುತಿಯೂ ಅರ್ಧ ಸ್ವರಕ್ಕಿಂತ ಕೊಂಚ ಕಡಿಮೆ ಏರುತ್ತದೆ. ಹಾರ್ಮೋನಿಯಂ ಹಿಡಿದು ಕೂತವರಿಗೆ ಥಟ್ಟನೆ ಗೊತ್ತಾಗುತ್ತದೆ. ಒಂದೇ ಡಿಸ್ಕಿಗೆ ಮೂರು ಸಿನಿಮಾ ತುಂಬಿದ 'ತ್ರೀ ಇನ್ ಒನ್' ಡಿವಿಡಿಗಳಿಂದ ದೂರವಿರಿ. ಒಂದೊಂದಕ್ಕೆ ಸಿಗುವ ಜಾಗ ಮೂರರಲ್ಲೊಂದು ಭಾಗ, ಚಿತ್ರ ವಿಸಿಡಿಯ ಕಡೆಗೇ ವಾಲಿರುತ್ತದೆ. ಎರಡು ಪದರದ ಡಿಸ್ಕಿನಲ್ಲಿ ಒಂದೇ ಚಿತ್ರ ಇದ್ದರೆ, ಮೂಲ ಚೆನ್ನಾಗಿದ್ದರೆ, 32 ಇಂಚಿಗೆ ಅದು ಸಾಕು.

ಯೂಟ್ಯೂಬ್. ಕನ್ನಡದ ಹಳೆಯ ಚಿತ್ರಗಳು ಅತಿ ಹೆಚ್ಚು ಸಿಗುವ ಜಾಗ. ಸುಳ್ಳು ಎಚ್‌ಡಿ ಅತಿ ಹೆಚ್ಚು ಇರುವ ಜಾಗವೂ ಹೌದು. ಗುರುತಿಸುವ ಬಗೆ ಮುಂದೆ ಹೇಳಿದೆ. ಒಂದು ಉಪಾಯ: ಒಂದೇ ವಿಡಿಯೊ 1080 ಮತ್ತು 2160 (ಅಂದರೆ 4ಕೆ) ಎರಡರಲ್ಲೂ ಇದ್ದರೆ ನಿಮ್ಮ ಟಿವಿ ಬರೀ 1080ದ್ದಾದರೂ 2160 ಆರಿಸಿ. ದೊಡ್ಡ ಅಳತೆಗೆ ಅಲ್ಲಿ ಹೆಚ್ಚು ಬಿಟ್‌ರೇಟ್ (ಸೆಕೆಂಡಿಗೆ ಕೊಡುವ ಮಾಹಿತಿಯ ಪ್ರಮಾಣ) ಕೊಡುತ್ತಾರೆ, ಕಣಗಳು ಕೆಸರಾಗುವುದು ಕಡಿಮೆಯಾಗುತ್ತದೆ.

ಒಟಿಟಿ. ಮೂಲ ಒಳ್ಳೆಯದಿರುವ ಸಂಭವ ಹೆಚ್ಚು, ಆದರೆ ಬಿಟ್‌ರೇಟ್ ಅಲ್ಲೂ ಹಿಸುಕಿದ್ದೇ. ಫಿಲ್ಮಿನ ಕಣಗಳು ಚೌಕಟ್ಟಿನಿಂದ ಚೌಕಟ್ಟಿಗೆ ಜಾಗ ಬದಲಿಸುತ್ತವೆ. ಕಂಪ್ರೆಷನ್ ಎಂಬುದು ಹಿಂದಿನ ಚೌಕಟ್ಟು ನೋಡಿ ಮುಂದಿನದನ್ನು ಊಹಿಸುವ ವಿದ್ಯೆ. ಊಹಿಸಲಾಗದ ಕಣಗಳಿಗೆ ಬಿಟ್ ಸಾಲದೆ ಹೋದಾಗ ಅವು ಚೌಕ ಚೌಕವಾಗಿ ಒಡೆಯುತ್ತವೆ, ಇಲ್ಲವೆ ಮಂಜಾಗುತ್ತವೆ. ಸ್ಟ್ರೀಮಿಂಗಿನ 1080ಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಎಂಟು ಮೆಗಾಬಿಟ್, ಬ್ಲೂ-ರೇಗೆ 25ರಿಂದ 35. ಬಣ್ಣದ ಹೊಸ ಡಿಜಿಟಲ್ ಚಿತ್ರದಲ್ಲಿ ಈ ಅಂತರ ಅಷ್ಟಾಗಿ ಕಾಣುವುದಿಲ್ಲ. ಕಣ ತುಂಬಿದ ಕಪ್ಪು-ಬಿಳುಪಿನಲ್ಲಿ ಕಾಣುತ್ತದೆ.

ಬ್ಲೂ-ರೇ. ವಿದೇಶಿ ಕ್ಲಾಸಿಕ್‌ಗಳು ಮತ್ತು ಕೆಲವು ಭಾರತೀಯ ಚಿತ್ರಗಳಿಗೆ ಇದೇ ನಿಜವಾದ ಉತ್ತರ. ತೊಡಕು ರೀಜನ್ನಿನದು: ಅಮೆರಿಕದ ಡಿಸ್ಕು ಎ, ಇಂಗ್ಲೆಂಡಿನದು ಬಿ, ಭಾರತ ಸಿ. ಇಲ್ಲಿನ ಪ್ಲೇಯರ್‌ಗೆ ಅಲ್ಲಿನ ಬೀಗ ಹಾಕಿದ ಡಿಸ್ಕು ಓಡುವುದಿಲ್ಲ, ಹಾಗಾಗಿ 'ರೀಜನ್ ಫ್ರೀ' ಎಂದು ಬರೆದ ಡಿಸ್ಕುಗಳನ್ನೇ ಹುಡುಕಬೇಕು. ಅಮೆರಿಕದಲ್ಲಿರುವ ಮಗನೋ ಸೊಸೆಯೋ ಪ್ಲೇಯರ್ ತರುವವರಿದ್ದರೆ ಅದರ ಬೆನ್ನಿನ ಚೀಟಿಯಲ್ಲಿ 100–240 ವೋಲ್ಟ್ ಎಂದಿದೆಯೇ ಎಂದು ಫೋಟೊ ತರಿಸಿ ನೋಡಿ. ಬರೀ 120 ಎಂದಿದ್ದರೆ ನಮ್ಮ 230ಕ್ಕೆ ಸಿಕ್ಕಿಸಿದ ದಿನವೇ ಅದರ ಕೊನೆಯ ದಿನ. ಸ್ಯಾಮ್‌ಸಂಗ್ ಬ್ಲೂ-ರೇ ಪ್ಲೇಯರ್ ಮಾಡುವುದನ್ನು ಬಿಟ್ಟು ವರ್ಷಗಳೇ ಆದವು, ಆಯ್ಕೆ ಕಿರಿದಾಗುತ್ತಿದೆ. ಕೊಳ್ಳುವುದಿದ್ದರೆ ಸರ್ವಿಸ್ ಸಿಗುವ ಮಾದರಿಯನ್ನೇ ಕೊಳ್ಳಿ.

4ಕೆ ಡಿಸ್ಕು. ಇದಕ್ಕೆ ರೀಜನ್ ಬೀಗ ಇಲ್ಲ. ಅದೇ ಡಬ್ಬಿಯಲ್ಲಿ ಬರುವ ಬ್ಲೂ-ರೇಗೆ ಮಾತ್ರ ಇರಬಹುದು. ಕಪ್ಪು-ಬಿಳುಪಿಗೆ ಇದರ ಲಾಭ 3840 ಚುಕ್ಕಿಗಳಿಗಿಂತ ಹೆಚ್ಚಾಗಿ 10 ಬಿಟ್‌ನಲ್ಲಿದೆ (ಬಿಟ್ ಹೆಚ್ಚಿದಷ್ಟೂ ಬೂದಿನ ಹಂತ ಹೆಚ್ಚು). ಬ್ಲೂ-ರೇಯ 8 ಬಿಟ್‌ನಲ್ಲಿ ಕಪ್ಪಿನಿಂದ ಬಿಳಿಗೆ 220 ಮೆಟ್ಟಿಲು, 10 ಬಿಟ್‌ನಲ್ಲಿ 877. ಮೋಡ ಕವಿದ ಆಕಾಶ, ಮಂಜು, ಗೋಡೆಯ ಮೇಲೆ ಹಬ್ಬುವ ದೀಪದ ಬೆಳಕು ಇಲ್ಲೆಲ್ಲ 8 ಬಿಟ್‌ನಲ್ಲಿ ಪಟ್ಟೆ ಪಟ್ಟೆ ಕಾಣಬಹುದಾದದ್ದು ಇಲ್ಲಿ ನಯವಾಗಿ ಇಳಿಯುತ್ತದೆ. ಎಚ್‌ಡಿಆರ್‌ಗಾಗಿ (ಹೊಳಪಿನ ಜಾಗಗಳನ್ನು ಇನ್ನಷ್ಟು ಬೆಳಗಿಸಿ ತೋರಿಸುವ ವಿಧಾನ) ಮಾತ್ರ ದುಡ್ಡು ಕೊಡಬೇಡಿ. ಅಗ್ಗದ ಟಿವಿಗಳಿಗೆ ಅದನ್ನು ತೋರಿಸುವಷ್ಟು ಬೆಳಕೇ ಇರುವುದಿಲ್ಲ, ಚಿತ್ರ ಇನ್ನಷ್ಟು ಮಬ್ಬಾಗುತ್ತದೆ.

ಬಣ್ಣ ಹಚ್ಚಿದ ಆವೃತ್ತಿಗಳ ಮಾತು ಬೇರೆ. 1965ರ 'ಸತ್ಯ ಹರಿಶ್ಚಂದ್ರ' 2008ರಲ್ಲಿ, 1971ರ 'ಕಸ್ತೂರಿ ನಿವಾಸ' 2014ರಲ್ಲಿ ಬಣ್ಣದಲ್ಲಿ ಮತ್ತೆ ತೆರೆಗೆ ಬಂದವು. ಮಕ್ಕಳನ್ನು ಕೂರಿಸಿ ತೋರಿಸಲು ಅವು ಅನುಕೂಲವಾಗಬಹುದು. ಆದರೆ ಟಿವಿಯ ಕಲರ್ ಸೊನ್ನೆಗೆ ಇಳಿಸಿದರೆ ಮೂಲ ಚಿತ್ರ ಸಿಕ್ಕಿತು ಎಂದುಕೊಳ್ಳಬೇಡಿ. ಬಣ್ಣ ಹಚ್ಚುವ ಮುಂಚೆ ಕಣಗಳನ್ನು ಸಾಮಾನ್ಯವಾಗಿ ಒರೆಸಿರುತ್ತಾರೆ, ಬೆಳಕನ್ನು ತಿದ್ದಿರುತ್ತಾರೆ. ಬಣ್ಣ ತೆಗೆದಾಗ ಉಳಿಯುವುದು ಬೇರೆಯದೇ ಬೂದು. ಎರಡೂ ಸಿಗುವಾಗ ಕಪ್ಪು-ಬಿಳುಪಿನದನ್ನೇ ಮೊದಲು ನೋಡಿ.

ಸುಳ್ಳು ಎಚ್‌ಡಿ ಹಿಡಿಯುವುದು

ಟಿವಿ ಪ್ರಸಾರಕ್ಕೆಂದು ಹಿಂದೆ ವಿಡಿಯೊ ಟೇಪಿಗೆ ಇಳಿಸಿದ್ದನ್ನೇ ಹಿಗ್ಗಿಸಿ 1080 ಎಂದು ಹಾಕುವುದು ಸಾಮಾನ್ಯ. ಕಂಪ್ಯೂಟರಿನಲ್ಲಿ ತೆರೆದು, ಯಾರಾದರೂ ಅಡ್ಡಡ್ಡ ಓಡುವ ಅಥವಾ ಬಂಡಿ ಹಾದುಹೋಗುವ ದೃಶ್ಯದಲ್ಲಿ ನಿಲ್ಲಿಸಿ. ಯೂಟ್ಯೂಬಿನಲ್ಲಿ ನಿಲ್ಲಿಸಿದ ಮೇಲೆ ಕೀಲಿಮಣೆಯ ಪೂರ್ಣವಿರಾಮದ ಗುಂಡಿ ಒತ್ತಿದರೆ ಒಂದು ಚೌಕಟ್ಟು ಮುಂದೆ, ಅಲ್ಪವಿರಾಮದ್ದು ಒಂದು ಹಿಂದೆ. ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರಿನಲ್ಲಿ 'ಇ' ಅಕ್ಷರದ ಗುಂಡಿ. ಕೈಕಾಲಿನ ಅಂಚು ಬಾಚಣಿಗೆಯ ಹಲ್ಲಿನಂತೆ ಸೀಳಿದ್ದರೆ, ಇಲ್ಲವೆ ಒಂದೇ ಚೌಕಟ್ಟಿನಲ್ಲಿ ಎರಡು ಕೈ ದೆವ್ವದ ಹಾಗೆ ಒಂದರ ಮೇಲೊಂದು ಕಂಡರೆ, ಅದು ಟೇಪಿನಿಂದ ಬಂದದ್ದು. ಆಮೇಲೆ ಓರೆ ಗೆರೆಗಳನ್ನು ನೋಡಿ: ಹೆಂಚಿನ ಮಾಡಿನ ಅಂಚು, ಏಣಿ, ತಂಬೂರಿಯ ದಂಡಿ. ಮೆಟ್ಟಿಲು ಮೆಟ್ಟಿಲಾಗಿದ್ದರೆ ಹಿಗ್ಗಿಸಿದ್ದು. ಕಪ್ಪು ಕೋಟಿನ ಅಂಚಿನ ಸುತ್ತ ಬಿಳಿ ಗೆರೆ ಎಳೆದಂತಿದ್ದರೆ ಕೃತಕವಾಗಿ ಚೂಪು ಮಾಡಿದ್ದು. ಎಲ್ಲಕ್ಕಿಂತ ಸುಲಭದ ಗುರುತು, ಮೂಲೆಯಲ್ಲಿ ಯಾವುದೋ ಹಳೆಯ ಚಾನೆಲಿನ ಲಾಂಛನ ಮಸುಕಾಗಿ ಅಂಟಿಕೊಂಡಿರುವುದು.

ಇದಕ್ಕೆ ಎದುರಿನ ರೋಗ ಅತಿಯಾಗಿ ತಿಕ್ಕಿದ್ದು. ಎರಡು ಗಂಟೆಯ ಚಿತ್ರ ಎಂದರೆ 1,72,800 ಚೌಕಟ್ಟು. ಬಣ್ಣದ ಫಿಲ್ಮಿನಲ್ಲಿ ದೂಳು, ಗೀರು ಪತ್ತೆಗೆ ಇನ್‌ಫ್ರಾರೆಡ್ ಬೆಳಕು ನೆರವಾಗುತ್ತದೆ, ಏಕೆಂದರೆ ಬಣ್ಣದ ಮೂಲಕ ಅದು ತೂರಿಹೋಗುತ್ತದೆ, ದೂಳು ಮಾತ್ರ ಅದನ್ನು ತಡೆಯುತ್ತದೆ. ಕಪ್ಪು-ಬಿಳುಪಿನಲ್ಲಿ ಚಿತ್ರವೇ ಬೆಳ್ಳಿಯದ್ದು, ಬೆಳ್ಳಿ ಇನ್‌ಫ್ರಾರೆಡ್ಡನ್ನೂ ತಡೆಯುತ್ತದೆ. ಆ ದಾರಿ ಮುಚ್ಚಿತು. ಉಳಿದದ್ದು ಎರಡೇ: ಕೂತು ಕೈಯಲ್ಲಿ ತೆಗೆಯುವುದು, ಇಲ್ಲವೆ ಸಾಫ್ಟ್‌ವೇರಿಗೆ ಬಿಡುವುದು. ಒಂದೇ ಚೌಕಟ್ಟಿನಲ್ಲಿ ಇದ್ದು ಮುಂದಿನದರಲ್ಲಿ ಇಲ್ಲದ್ದನ್ನೆಲ್ಲ ಸಾಫ್ಟ್‌ವೇರ್ ದೂಳೆಂದೇ ತಿಳಿಯುತ್ತದೆ. ಅದಕ್ಕೇ ಮದುವೆ ದೃಶ್ಯದಲ್ಲಿ ಎಸೆದ ಅಕ್ಷತೆ ಗಾಳಿಯಲ್ಲೇ ಮಾಯವಾಗುತ್ತದೆ, ಮಳೆಯ ಹನಿ ಅಲ್ಲಲ್ಲಿ ನಿಂತುಹೋಗುತ್ತದೆ, ಬೆಂಕಿಯ ಕಿಡಿ ಹಾರುವುದೇ ಇಲ್ಲ. ಕೊಳ್ಳುವ ಮುಂಚೆ ತುಣುಕು ಸಿಕ್ಕರೆ ಇಂಥ ದೃಶ್ಯಗಳನ್ನೇ ಹುಡುಕಿ ನೋಡಿ. ಕೆನ್ನೆ ಮೇಣದ ಗೊಂಬೆಯ ಹಾಗೆ ನುಣ್ಣಗಿದ್ದು ಹಿಂದಿನ ಗೋಡೆ ಅಲ್ಲಾಡದೆ ಹೆಪ್ಪುಗಟ್ಟಿದಂತಿದ್ದರೆ ಕಣ ಒರೆಸಿದ್ದಾರೆ ಎಂದೇ ಅರ್ಥ. ಕಣ ಕಾಣುವುದು ದೋಷವಲ್ಲ, ಚಿತ್ರ ಇರುವುದೇ ಆ ಕಣಗಳಲ್ಲಿ.

ಟಿವಿ ತಿದ್ದುವುದು

ಅಂಗಡಿಯ 'ವಿವಿಡ್' ಮೋಡಿನಲ್ಲಿ ಕಪ್ಪು-ಬಿಳುಪು ಚಿತ್ರ ನೀಲಿ-ಬಿಳುಪಾಗಿರುತ್ತದೆ. 'ಸಿನಿಮಾ' ಅಥವಾ 'ಫಿಲ್ಮ್‌ಮೇಕರ್' ಮೋಡಿಗೆ ಹಾಕಿ, ಕಲರ್ ಟೆಂಪರೇಚರ್ 'ವಾರ್ಮ್' ಮಾಡಿ. ಮೊದಲ ಹತ್ತು ನಿಮಿಷ ಹಳದಿ ಎನಿಸುತ್ತದೆ, ಆಮೇಲೆ ಕಣ್ಣು ಒಗ್ಗುತ್ತದೆ, ಬೂದು ಬೂದಾಗಿಯೇ ಕಾಣುತ್ತದೆ. ಶಾರ್ಪ್‌ನೆಸ್ ಸೊನ್ನೆಗೆ ಅಥವಾ ಸೊನ್ನೆಯ ಹತ್ತಿರಕ್ಕೆ. ನಾಯ್ಸ್ ರಿಡಕ್ಷನ್, ಡೈನಾಮಿಕ್ ಕಾಂಟ್ರಾಸ್ಟ್, ಮೋಷನ್ ಸ್ಮೂದಿಂಗ್ ಮೂರನ್ನೂ ಆಫ್ ಮಾಡಿ. ಕೊನೆಯದನ್ನು ಆನ್ ಇಟ್ಟರೆ ರಾಜ್‌ಕುಮಾರ್ ಅವರ ಕತ್ತಿವರಸೆ ಧಾರಾವಾಹಿಯ ಶೂಟಿಂಗಿನಂತೆ ಕಾಣುತ್ತದೆ. ಅಂಚು ಕತ್ತರಿಸುವ ಓವರ್‌ಸ್ಕ್ಯಾನ್ ಇದ್ದರೆ 'ಜಸ್ಟ್ ಸ್ಕ್ಯಾನ್' ಅಥವಾ 'ಸ್ಕ್ರೀನ್ ಫಿಟ್' ಆರಿಸಿ.

ಪ್ರತಿಯಲ್ಲೇ ಹಸಿರೋ ನೇರಳೆಯೋ ಛಾಯೆ ಹತ್ತಿದ್ದರೆ ಕಲರ್ ಸೊನ್ನೆಗೆ ಇಳಿಸಿ, ಒಂದೇ ಸಲಕ್ಕೆ ಶುದ್ಧ ಬೂದಾಗುತ್ತದೆ. ಇಳಿಸಿದ ಮೇಲೂ ಛಾಯೆ ಉಳಿದರೆ ಅದು ಟಿವಿಯದೇ. ಮೂಕಿ ಚಿತ್ರಗಳಲ್ಲಿ ರಾತ್ರಿಗೆ ನೀಲಿ, ದೀಪಕ್ಕೆ ಹೊಂಬಣ್ಣ ಹೀಗೆ ಬೇಕೆಂದೇ ಹಚ್ಚಿರುತ್ತಾರೆ, ಅಲ್ಲಿ ಈ ಕೆಲಸ ಮಾಡಬೇಡಿ.

ಕಪ್ಪಿನ ಮಟ್ಟಕ್ಕೆ ರಾತ್ರಿ ದೀಪ ಆರಿಸಿ ಒಂದು ಪರೀಕ್ಷೆ ಮಾಡಿ. ಕಪ್ಪು ಕೂದಲು ಕಪ್ಪು ಹಿನ್ನೆಲೆಯ ಮೇಲಿರುವ ದೃಶ್ಯ ನಿಲ್ಲಿಸಿ, ಬ್ರೈಟ್‌ನೆಸ್ ಇಳಿಸುತ್ತಾ ಬನ್ನಿ. ಪಕ್ಕದ ಪಟ್ಟಿ ಪೂರಾ ಕಪ್ಪಾಗಬೇಕು, ಕೂದಲಿನ ಎಳೆ ಮಾಯವಾಗಬಾರದು. ಎಷ್ಟು ತಿರುಗಿಸಿದರೂ ಕಪ್ಪು ಬೂದಿಯಂತಿದ್ದರೆ, ಇಲ್ಲವೆ ನೆರಳೆಲ್ಲ ಮುಚ್ಚಿಹೋದರೆ, ಪ್ಲೇಯರ್ ಮತ್ತು ಟಿವಿಯ ಎಚ್‌ಡಿಎಂಐ ರೇಂಜ್ (ಕಪ್ಪು-ಬಿಳುಪಿನ ಮಿತಿ) ಹೊಂದಿಲ್ಲ. ಎರಡರಲ್ಲೂ 'ಲಿಮಿಟೆಡ್' ಮಾಡಿ.

ಹೊಸ ಟಿವಿ ಕೊಳ್ಳುವವರು ಪ್ಯಾನೆಲ್ ಯಾವುದೆಂದು ಕೇಳಿ. ಐಪಿಎಸ್, ವಿಎ ಎಂಬುವು ಎಲ್‌ಸಿಡಿ ಪರದೆಯ ಎರಡು ಬಗೆ. ಐಪಿಎಸ್‌ನ ಕಾಂಟ್ರಾಸ್ಟ್ ಸುಮಾರು 1000:1, ವಿಎಯದು 3000:1ಕ್ಕೂ ಮೇಲೆ. ಕಪ್ಪು-ಬಿಳುಪಿಗೆ ಐಪಿಎಸ್ 4ಕೆಗಿಂತ ವಿಎ 1080 ಮೇಲು ಎಂದು ಧೈರ್ಯವಾಗಿ ಹೇಳಬಹುದು. ಓಎಲ್‌ಇಡಿಯ ಕಪ್ಪು ಎಲ್ಲಕ್ಕಿಂತ ಚೆಂದ. ಆದರೆ ದಿನವೂ ಪಟ್ಟಿ ಇರುವ ಚಿತ್ರವನ್ನೇ ಹಾಕುತ್ತಿದ್ದರೆ ನಡುವಿನ ಭಾಗ ಪಕ್ಕಕ್ಕಿಂತ ಬೇಗ ಸವೆಯುತ್ತದೆ. ಅಂಗಡಿಗೆ ಹೋಗುವಾಗ ಪೆನ್‌ಡ್ರೈವಿನಲ್ಲಿ ಒಂದು ಕತ್ತಲ ದೃಶ್ಯ ಒಯ್ಯಿರಿ. ಫ್ಯಾಟ್32 ಮಾಡಿದ ಪೆನ್‌ಡ್ರೈವಿಗೆ 4 ಜಿಬಿಗಿಂತ ದೊಡ್ಡ ಫೈಲು ಹಿಡಿಯುವುದಿಲ್ಲ, ಐದು ನಿಮಿಷದ ತುಣುಕು ಸಾಕು. ಚಿತ್ರ ಬಂದು ಧ್ವನಿ ಬರದಿದ್ದರೆ ಟಿವಿ ಕೆಟ್ಟಿಲ್ಲ. ಡಿಟಿಎಸ್ ಎಂಬ ಬಗೆಯ ಧ್ವನಿಯನ್ನು ಎಷ್ಟೋ ಟಿವಿಗಳು ಓದುವುದಿಲ್ಲ.

ಧ್ವನಿಯಲ್ಲಿ ಎಚ್‌ಡಿಯಿಂದ ದೊಡ್ಡ ಪವಾಡ ನಿರೀಕ್ಷಿಸಬೇಡಿ. ಫಿಲ್ಮಿನ ಅಂಚಿನ ಮಾನೋ (ಒಂದೇ ದಾರಿಯ) ಧ್ವನಿಯ ಜಾಡು, ಮೇಲಿನ ಸ್ವರಗಳು ಮೊದಲೇ ಕಡಿಮೆ. 5.1 ಎಂದು ಬರೆದಿದ್ದರೂ ಮೂಲ ಮಾನೋ ಇದ್ದರೆ ಅದನ್ನೇ ಆರಿಸಿ. ಗುಯ್‌ಗುಟ್ಟುವ ಸದ್ದು ತೆಗೆಯಲು ಹೋಗಿ ಗಾಯಕರ ಕಂಠವನ್ನೇ ಕೊಡದೊಳಗೆ ಇಟ್ಟಂತೆ ಮಾಡಿದ ಪ್ರತಿಗಳು ಬೇಕಾದಷ್ಟಿವೆ.

ಮಲೆನಾಡಿನ ಲೆಕ್ಕ

ಮೂಡಿಗೆರೆ, ಕೊಪ್ಪ, ಸಕಲೇಶಪುರದ ತೋಟದ ಮನೆಗಳಲ್ಲಿ ಫೈಬರ್ ಇಲ್ಲದೆ ಮೊಬೈಲ್ ಡೇಟಾ ನೆಚ್ಚಿದ್ದರೆ ಲೆಕ್ಕ ಸರಳ: ದಿನಕ್ಕೆ 2 ಜಿಬಿ ಪ್ಯಾಕಿನಲ್ಲಿ 5 ಮೆಗಾಬಿಟ್‌ನ ಸ್ಟ್ರೀಮ್ 53 ನಿಮಿಷಕ್ಕೆ ಮುಗಿಯುತ್ತದೆ, ಮಧ್ಯಂತರವೂ ಬಂದಿರುವುದಿಲ್ಲ. ಸಿಗ್ನಲ್ ಏರಿಳಿದಾಗ ಆ್ಯಪ್ ತಾನಾಗಿ 480ಕ್ಕೆ ಇಳಿಸುತ್ತದೆ, ನೀವು ಎಚ್‌ಡಿ ಎಂದುಕೊಂಡು ಡಿವಿಡಿಗಿಂತ ಕಡಿಮೆಯದನ್ನು ನೋಡುತ್ತಿರುತ್ತೀರಿ. ಇಂಥ ಕಡೆ ಡಿಸ್ಕೇ ವಾಸಿ. ಆಷಾಢದಲ್ಲಿ ಕರೆಂಟು ಹೋದಾಗ ಸ್ಕ್ವೇರ್ ವೇವ್ ಇನ್ವರ್ಟರಿನ ಮೇಲೆ ಓಡಿಸಿದರೆ ಸ್ಪೀಕರಿನಲ್ಲಿ ಗುಂಯ್ ಸದ್ದು ಸೇರಬಹುದು. ಸೈನ್ ವೇವ್ ಇನ್ವರ್ಟರಿನಲ್ಲಿ ಈ ಕಾಟ ಇಲ್ಲ.

ಡಿಸ್ಕಿಗೆ ಶತ್ರು ಬೂಷ್ಟು. ಮಳೆಗಾಲ ಶುರುವಾಗುವ ಮುಂಚೆ ಡಬ್ಬಿಗಳನ್ನು ಗೋಡೆಗೆ ತಾಗಿದ ಕಪಾಟಿನಿಂದ ತೆಗೆದು, ಗಾಳಿಯಾಡದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಹಾಕಿ ನಿಲ್ಲಿಸಿಡಿ. ಬಣ್ಣ ಬದಲಿಸುವ ಜೆಲ್ ತಂದರೆ ಬದಲಿಸುವ ಹೊತ್ತು ತಾನೇ ತಿಳಿಯುತ್ತದೆ. ಬೂಷ್ಟು ಹತ್ತಿದ್ದರೆ ಮೆತ್ತನೆ ಮೈಕ್ರೋಫೈಬರ್ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತಲೂ ಒರೆಸಬೇಡಿ. ಪೆಟ್ರೋಲು, ಥಿನ್ನರ್ ಮುಟ್ಟಿಸಲೇಬೇಡಿ. ವಿಸಿಡಿಯಲ್ಲಿ ಚಿತ್ರ ಅಚ್ಚಾದ ಮೇಲ್ಮೈಯೇ ನಾಜೂಕು, ಮಾಹಿತಿಯ ಪದರ ಅದರ ಕೆಳಗೇ ಇರುತ್ತದೆ. ಡಿವಿಡಿಯಲ್ಲಿ ಅದು ಎರಡು ಹಾಳೆಗಳ ನಡುವೆ ಭದ್ರ. ಬ್ಲೂ-ರೇಯಲ್ಲಿ ಕೆಳಮೈಯಿಂದ ಬರೀ 0.1 ಮಿ.ಮೀ. ಒಳಗೆ, ಗಟ್ಟಿ ಲೇಪನ ಇದ್ದರೂ ಆಳದ ಗೀರು ತಡೆಯದು.

ವಿಸಿಡಿಗಳನ್ನು ಈಗಲೇ ಹಾರ್ಡ್‌ಡಿಸ್ಕಿಗೆ ಇಳಿಸಿಡಿ. ಡಿಸ್ಕಿನೊಳಗಿನ 'ಎಂಪೆಗ್‌ಎವಿ' ಫೋಲ್ಡರಿನಲ್ಲಿರುವ ದೊಡ್ಡ 'ಡ್ಯಾಟ್' ಫೈಲೇ ಸಿನಿಮಾ, ವಿಎಲ್‌ಸಿ ಅದನ್ನು ನೇರ ಓಡಿಸುತ್ತದೆ. ವಿಸಿಡಿಯಲ್ಲಿ ಹೆಚ್ಚು ತುಂಬಿಸುವ ಆಸೆಗೆ ತಪ್ಪು ತಿದ್ದುವ ಒಂದು ಪದರವನ್ನೇ ಬಿಟ್ಟಿರುವುದರಿಂದ ಸಣ್ಣ ಗೀರಿಗೂ ಪ್ರತಿ ಮಾಡುವುದು ಅರ್ಧಕ್ಕೆ ನಿಲ್ಲುತ್ತದೆ. ಆಗ ಒರೆಸಿ, ಬೇರೆ ಡ್ರೈವಿನಲ್ಲಿ ಹಾಕಿ ನೋಡಿ. ಒಂದು ಡ್ರೈವ್ ಓದದ್ದನ್ನು ಇನ್ನೊಂದು ಓದುವುದು ಸಾಮಾನ್ಯ, ಹಳೆಯ ಡೆಸ್ಕ್‌ಟಾಪಿನ ಡ್ರೈವ್‌ಗಳು ಈ ವಿಷಯದಲ್ಲಿ ತೆಳು ಯುಎಸ್‌ಬಿ ಡ್ರೈವ್‌ಗಳಿಗಿಂತ ಹಠಮಾರಿ.